ಗೋಖಲೆಯವರ ಕ್ಷಮಾಪಣೆ

ಪುಣೆಯಲ್ಲಿ ಸಂಸಾರ ಹೂಡಿರುವ ನಾವು ಫರ್ಗ್ಯುಸನ್ ಕಾಲೇಜಿನ ಮುಂದೆ ಎಷ್ಟೋ ಸಲ ಹಾದುಹೋಗುತ್ತೇವೆ. ಅಲ್ಲಿ ಪಾಠ ಹೇಳಿದ ಗೋಪಾಲ ಕೃಷ್ಣ ಗೋಖಲೆಯವರು ಕನ್ನಡಿಗರಿಗೆ ಹೊಸಬರಲ್ಲ, ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಇಟ್ಟದ್ದು ಇವರ ಹೆಸರನ್ನೇ.

1866ರಲ್ಲಿ ರತ್ನಾಗಿರಿ ಜಿಲ್ಲೆಯ ಬಡ ಮನೆತನದಲ್ಲಿ ಜನನ. ಹದಿನೆಂಟಕ್ಕೆ ಬಿ.ಎ. ಪುಣೆಯಲ್ಲಿ ಮಾಸ್ತರಿಕೆ ಮಾಡಿದರು, ಅಂಕಗಣಿತದ ಪುಸ್ತಕ ಬರೆದರು, ರಾನಡೆಯವರ ಬಳಿ ಅಂಕಿ ಅಂಶಗಳನ್ನು ಒರೆಗೆ ಹಚ್ಚುವುದನ್ನು ಕಲಿತರು. ‘ಸುಧಾರಕ’ ಪತ್ರಿಕೆಗೂ ಬರೆದರು. ಲೆಕ್ಕವನ್ನೂ ಪತ್ರಿಕೆಯನ್ನೂ ಒಳಗಿನಿಂದ ಬಲ್ಲ ಇಂಥವರೇ ಒಮ್ಮೆ ಎಡವಿದರು.

1897ರಲ್ಲಿ ಪುಣೆಗೆ ಪ್ಲೇಗು ಬಡಿದಿತ್ತು. ರ‍್ಯಾಂಡ್ ಸಾಹೇಬರ ಅಧಿಕಾರದಲ್ಲಿ ಗೋರಾ ಸೋಲ್ಜರುಗಳು ದೇವರಕೋಣೆ, ಅಡಿಗೆಮನೆ ಎನ್ನದೆ ನುಗ್ಗಿ ಶೋಧಿಸುತ್ತಿದ್ದರು. ಜನ ಕುದಿಯುತ್ತಿದ್ದರು. ಗೋಖಲೆಯವರು ಆಗ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಇಂಗ್ಲೆಂಡಿಗೆ ಹೋಗಿದ್ದರು. ಸೋಲ್ಜರುಗಳು ಇಬ್ಬರು ಹೆಂಗಸರ ಮಾನಭಂಗ ಮಾಡಿದರೆಂದೂ ಅವರಲ್ಲೊಬ್ಬಾಕೆ ಪ್ರಾಣ ಕಳೆದುಕೊಂಡಳೆಂದೂ ಊರಿನ ಗೆಳೆಯರಿಂದ ಕಾಗದ ಬಂತು. ನಂಬಿಗಸ್ಥರು ಬರೆದದ್ದೆಂದು ನಂಬಿ, ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿಕೆ ಕೊಟ್ಟುಬಿಟ್ಟರು. ಪಾರ್ಲಿಮೆಂಟಿನವರೆಗೂ ಗದ್ದಲವಾಯಿತು. ಮುಂಬಯಿ ಸರ್ಕಾರ ಆರೋಪವನ್ನು ಅಲ್ಲಗಳೆಯಿತು.

ಮರಳಿ ಬಂದು ವಿಚಾರಿಸಿದರೆ ರುಜುವಾತು ಕೊಡಬಲ್ಲವರು ಯಾರೂ ಸಿಗಲಿಲ್ಲ. ನಮ್ಮ ಬ್ಯಾಂಕಿನ ಮಾತಿನಲ್ಲಿ, ವೋಚರಿಲ್ಲದೆ ಖಾತೆಗೆ ಏರಿಸಿದ ರಕಮು! ಕಾಗದ ಬರೆದವರ ಹೆಸರು ಹೇಳಿ ತಾವು ಪಾರಾಗಬಹುದಿತ್ತು. ಹೇಳಲಿಲ್ಲ. ಆಗಸ್ಟಿನಲ್ಲಿ ಗವರ್ನರರಿಗೂ ಸೋಲ್ಜರುಗಳಿಗೂ ಷರತ್ತಿಲ್ಲದ ಕ್ಷಮಾಪಣೆಯನ್ನು ಬಹಿರಂಗವಾಗಿ ಪ್ರಕಟಿಸಿದರು. ಕಾಲವಾದರೂ ಎಂಥದು? ಜೂನಿನಲ್ಲಿ ರ‍್ಯಾಂಡರ ಮೇಲೆ ಗುಂಡು ಹಾರಿತ್ತು; ಟಿಳಕರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದ್ದರು. ಇಂಥದರಲ್ಲಿ ಕ್ಷಮೆ ಕೇಳಿದವನು ಹೇಡಿಯೆಂದೇ ಎಣಿಕೆ. ವರ್ಷದ ಕೊನೆಯ ಅಮರಾವತಿ ಕಾಂಗ್ರೆಸ್ಸಿನಲ್ಲಿ ಸ್ವಂತ ಜನರೇ ಮುಖ ತಿರುವಿದರು.

ಸೋಲ್ಜರುಗಳ ಒರಟುತನವಂತೂ ಸುಳ್ಳಲ್ಲ. ಅವರಿಗೂ ಕ್ಷಮೆ ಕೇಳಿದ್ದು ಹೆಚ್ಚಾಯಿತೆಂದು ನಮಗೂ ಬಹುಕಾಲ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಆಧಾರವಿಲ್ಲದ ಆ ಎರಡು ಮಾತನ್ನು ಹಿಡಿದುಕೊಂಡು ಕೂತಿದ್ದರೆ, ಪುಣೆಯವರ ನಿಜವಾದ ದೂರುಗಳನ್ನು ಯಾರು ನಂಬುತ್ತಿದ್ದರು? ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಓದುವ ಮೊದಲೇ ನೆಂಟರಿಗೆಲ್ಲ ದಾಟಿಸಿ, ಆಮೇಲೆ ಸುಳ್ಳೆಂದು ತಿಳಿದಾಗ ತೆಪ್ಪಗಿದ್ದುಬಿಟ್ಟದ್ದು ನಮ್ಮ ಅನುಭವದಲ್ಲೂ ಉಂಟು.

ಗೋಖಲೆಯವರು ಮೂಲೆ ಸೇರಲಿಲ್ಲ. ಪ್ಲೇಗು ಮರಳಿದಾಗ ಸ್ವಯಂಸೇವಕರಾಗಿ ದುಡಿದರು. 1899ರಲ್ಲಿ ಮುಂಬಯಿ ಶಾಸನಸಭೆಗೆ ಆರಿಸಿ ಬಂದರು. ಮುಂದೆ ವೈಸರಾಯರ ಸಭೆಯಲ್ಲಿ ಬಜೆಟ್ಟಿನ ಮೇಲೆ ಎದ್ದು ನಿಂತರೆಂದರೆ, ಅವರ ಅಂಕಿಗಳನ್ನು ಸರ್ಕಾರದವರೂ ಗಮನವಿಟ್ಟು ಕೇಳುತ್ತಿದ್ದರು. 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. 1915ರ ಫೆಬ್ರುವರಿ 19ರಂದು ಪುಣೆಯಲ್ಲಿಯೇ ತೀರಿಕೊಂಡರು. ವಯಸ್ಸು ಇನ್ನೂ ನಾಲ್ವತ್ತೆಂಟು.