ನರದ ಕವಚ ಕಳಚುವ ರೋಗವನ್ನು ಗುರುತಿಸಿದ ಶಾರ್ಕೋ

ಪ್ಯಾರಿಸ್‌ನಲ್ಲಿ ಸಾರೋಟು ತಯಾರಿಸುತ್ತಿದ್ದ ಕುಶಲಕರ್ಮಿಯ ಮಗನಾಗಿ 1825ರ ನವೆಂಬರ್ 29ರಂದು ಜನಿಸಿದ ಜಾನ್ ಮಾರ್ಟಿನ್ ಶಾರ್ಕೋ, ಮುಂದೆ ಆಧುನಿಕ ನರರೋಗ ವಿಜ್ಞಾನದ ಪಿತಾಮಹರೆನಿಸಿಕೊಂಡರು. 1862ರಲ್ಲಿ ಅವರು ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ಹಿಂದೊಮ್ಮೆ ಸಿಡಿಮದ್ದಿನ ಕಾರ್ಖಾನೆಯಾಗಿದ್ದ ಆ ಸ್ಥಳದಲ್ಲಿ ಆಗ ವೃದ್ಧೆಯರು, ನಿರ್ಗತಿಕರು ಹಾಗೂ ಗುಣವಾಗದ ರೋಗಿಗಳು ಸಾವಿರಾರು ಸಂಖ್ಯೆಯಲ್ಲಿದ್ದರು.

ರೋಗಿಯನ್ನು ವರ್ಷಗಟ್ಟಲೆ ಗಮನಿಸುವುದು, ಮರಣಾನಂತರ ಮಿದುಳು ಮತ್ತು ಬೆನ್ನುಹುರಿಯನ್ನು ಪರೀಕ್ಷಿಸಿ ಲಕ್ಷಣಗಳೊಂದಿಗೆ ತಾಳೆ ನೋಡುವುದು ಶಾರ್ಕೋ ಅವರ ಕ್ರಮವಾಗಿತ್ತು. ಕೈನಡುಕದಿಂದ ಪಿಂಗಾಣಿ ತಟ್ಟೆಗಳನ್ನು ಒಡೆಯುತ್ತಿದ್ದ ಮನೆಗೆಲಸದ ಮಹಿಳೆಯನ್ನು ಅವರು ಬಿಡಿಸದೆ ಇರಿಸಿಕೊಂಡಿದ್ದರೆಂಬುದು ಪ್ರಸಿದ್ಧ ಪ್ರಸಂಗ. ಆಕೆ ತೀರಿಕೊಂಡ ಬಳಿಕ ನಡೆದ ಪರೀಕ್ಷೆಯಲ್ಲಿ ನರಮಂಡಲದ ಅಲ್ಲಲ್ಲಿ ಗಡುಸಾದ ಕಲೆಗಳು ಕಂಡುಬಂದವು.

ಇಂಥ ಕಲೆಗಳ ಚಿತ್ರಗಳನ್ನು ಬೇರೆ ವೈದ್ಯರು ಮೂರು ದಶಕಗಳ ಹಿಂದೆಯೇ ಬರೆದಿದ್ದರು. ಆದರೆ ಅವುಗಳನ್ನು ಕಣ್ಣಾಲಿಗಳ ಅದುರು, ತಡೆತಡೆದು ಬರುವ ಮಾತು, ವಸ್ತುವಿಗೆ ಕೈಚಾಚಿದಾಗ ಹೆಚ್ಚುವ ನಡುಕ ಇವುಗಳೊಂದಿಗೆ ಜೋಡಿಸಿ, ಪ್ರತ್ಯೇಕ ರೋಗವೊಂದರ ಸ್ಪಷ್ಟ ಚಿತ್ರ ನೀಡಿದ್ದು ಶಾರ್ಕೋ ಅವರ 1868ರ ಉಪನ್ಯಾಸಗಳು. ಅದೇ ಇಂದಿನ ಮಲ್ಟಿಪಲ್ ಸ್ಕ್ಲೆರೋಸಿಸ್.

ಸೂಕ್ಷ್ಮದರ್ಶಕದಲ್ಲಿ ಅವರು ಇನ್ನೊಂದು ಸಂಗತಿಯನ್ನು ಕಂಡರು. ನರತಂತುವನ್ನು ಸುತ್ತುವರಿದ ಮಯಲಿನ್ ಎಂಬ ಕೊಬ್ಬಿನ ಕವಚ ನಾಶವಾಗಿದ್ದರೂ, ಅನೇಕ ಕಡೆ ಒಳಗಿನ ತಂತು ಉಳಿದಿತ್ತು. ವಿದ್ಯುತ್ ತಂತಿಯ ಹೊದಿಕೆ ಮಾತ್ರ ಕಿತ್ತುಹೋದಂಥ ಸ್ಥಿತಿ ಅದು. ಕವಚವನ್ನು ಮತ್ತೆ ಬೆಳೆಸಬಹುದೇ ಎಂಬ ಇಂದಿನ ಪ್ರಶ್ನೆಯ ಬೇರು ಇಲ್ಲಿದೆ. ಆದರೆ ಶಾರ್ಕೋ ಅವರ ಕೈಯಲ್ಲಿ ಮದ್ದಿರಲಿಲ್ಲ. ಚಿನ್ನ ಹಾಗೂ ಬೆಳ್ಳಿಯ ಲವಣಗಳು, ಸ್ಟ್ರಿಕ್ನಿನ್ ಯಾವುದೂ ಫಲ ನೀಡಲಿಲ್ಲ. ಚಿಕಿತ್ಸೆಯ ಕಾಲ ಇನ್ನೂ ಬಂದಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ.

1882ರಲ್ಲಿ ನರರೋಗಗಳ ಅಧ್ಯಯನಕ್ಕೆಂದೇ ರಚಿಸಲಾದ ಪೀಠ ಅವರಿಗೆ ದೊರೆಯಿತು. 1885ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಬಳಿ ಕಲಿಯಲು ಬಂದರು. ಉನ್ಮಾದ ಮತ್ತು ಸಂಮೋಹನ ಕುರಿತ ಶಾರ್ಕೋ ಅವರ ಪ್ರಯೋಗಗಳು ಮಾತ್ರ ಟೀಕೆಗೆ ಗುರಿಯಾದವು. 1893ರ ಆಗಸ್ಟ್ 16ರಂದು ಅವರು ನಿಧನರಾದರು.

ರೋಗದ ಗತಿಯನ್ನೇ ಬದಲಿಸಬಲ್ಲ ಮೊದಲ ಔಷಧವಾದ ಇಂಟರ್‌ಫೆರಾನ್ ಬೀಟಾಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತಾಗ 1993ನೇ ಇಸವಿ, ಶತಮಾನವೇ ಕಳೆದಿತ್ತು. ಇಂಥ ಔಷಧಗಳು ರೋಗದ ಮರುದಾಳಿಗಳನ್ನು ತಗ್ಗಿಸುತ್ತವೆಯೇ ಹೊರತು ಕಳಚಿದ ಕವಚವನ್ನು ಕಟ್ಟಿಕೊಡುವುದಿಲ್ಲ. ಕವಚ ಕಳೆದುಕೊಂಡ ತಂತು ಕಾಲಕ್ರಮೇಣ ಸಾಯುವುದರಿಂದ, ತಂತುವಿನ ರಕ್ಷಣೆ ಮತ್ತು ಕವಚದ ದುರಸ್ತಿ ಎರಡೂ ಸಂಶೋಧಕರ ಗುರಿಯಾಗಿವೆ. ಅಲರ್ಜಿಗೆ ಬಳಸುತ್ತಿದ್ದ ಹಳೆಯ ಔಷಧ ಕ್ಲೆಮಾಸ್ಟಿನ್ ಅನ್ನು 50 ರೋಗಿಗಳ ಮೇಲೆ ಪ್ರಯೋಗಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನಿಂದ ಮಿದುಳಿಗೆ ಸಾಗುವ ಸಂಕೇತದ ವೇಗ ಅಲ್ಪ ಪ್ರಮಾಣದಲ್ಲಿ ಸುಧಾರಿಸಿತ್ತು. ಇದು ಭರವಸೆಯಷ್ಟೇ, ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕ ಮದ್ದಲ್ಲ. ಮಯಲಿನ್ ದುರಸ್ತಿಗೆಂದೇ ಅನುಮೋದನೆ ಪಡೆದ ಔಷಧ ಇನ್ನೂ ಇಲ್ಲ.

ಇಂದು ಅಮೃತಹಳ್ಳಿಯಿಂದ ನಿಮ್ಹಾನ್ಸ್‌ಗೆ ತೆರಳುವ ರೋಗಿಯ ಎಂ.ಆರ್.ಐ. ಚಿತ್ರದಲ್ಲಿ ವೈದ್ಯರು ಹುಡುಕುವುದು ಶಾರ್ಕೋ ವಿವರಿಸಿದ ಆ ಕಲೆಗಳನ್ನೇ. ಅವರ ಕಾಲದಲ್ಲಿ ಸಾವಿನ ನಂತರವಷ್ಟೇ ಕಾಣುತ್ತಿದ್ದುದು ಈಗ ರೋಗಿ ಬದುಕಿರುವಾಗಲೇ, ಚಿಕಿತ್ಸೆಗೆ ಅವಕಾಶವಿರುವಾಗಲೇ ಕಾಣುತ್ತಿದೆ.