ಅರಸರನ್ನು ತೆರೆಗೆ ತಂದ ಮೇಷ್ಟ್ರು: ಬಿ. ಆರ್. ಪಂತುಲು

ಬೆಸೆಂಟ್ ನಗರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರ ಗೊತ್ತು, ಶಿವಾಜಿ ಗಣೇಶನ್ ಗೊತ್ತು. ಅದರ ನಿರ್ಮಾಪಕ, ನಿರ್ದೇಶಕರು ಕನ್ನಡಿಗರೆಂದರೆ ಮಾತ್ರ ನಂಬುವುದಿಲ್ಲ. ತಪ್ಪು ಅವರದಲ್ಲ, ನಾವು ಹೇಳಿಕೊಟ್ಟಿಲ್ಲ.

ಬೂದಗೂರು ರಾಮಕೃಷ್ಣಯ್ಯ ಪಂತುಲು 1910ರಲ್ಲಿ ಕೋಲಾರದ ಗಡಿ ಸೀಮೆಯಲ್ಲಿ ಜನಿಸಿದರು. ಮೊದಲು ಶಾಲಾ ಉಪಾಧ್ಯಾಯರಾಗಿದ್ದು, ನಾಟಕದ ಸೆಳೆತಕ್ಕೆ ಒಳಗಾಗಿ ರಂಗಭೂಮಿ ಸೇರಿದರು. 1936ರ ‘ಸಂಸಾರ ನೌಕ’ದಲ್ಲಿ ಎಂ. ವಿ. ರಾಜಮ್ಮನವರೊಡನೆ ನಾಯಕರಾಗಿ ತೆರೆಗೆ ಬಂದರು. ಮದರಾಸಿನಲ್ಲಿ ನೆಲೆನಿಂತು ‘ಪದ್ಮಿನಿ ಪಿಕ್ಚರ್ಸ್’ ಸ್ಥಾಪಿಸಿದ ಮೇಲೆ ಅವರ ನಿಜವಾದ ಕಾಲ ಆರಂಭವಾಯಿತು.

ಹಾಲಿವುಡ್ಡಿನ ‘ಬೆನ್‌ಹರ್’ ಮತ್ತು ಪಂತುಲು ಅವರ ‘ಕಟ್ಟಬೊಮ್ಮನ್’ ಎರಡೂ ತೆರೆಕಂಡದ್ದು 1959ರಲ್ಲಿ. ಮರುವರ್ಷ ಚಾರ್ಲ್‌ಟನ್ ಹೆಸ್ಟನ್‌ಗೆ ಆಸ್ಕರ್ ಬಂತು. ಅದೇ 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿ ಅತ್ಯುತ್ತಮ ನಟರೆನಿಸಿದರು. ರಥ, ಸೈನ್ಯ, ಸೆಟ್ಟುಗಳ ವೈಭವದಲ್ಲಿ ಹಾಲಿವುಡ್ಡಿಗೆ ಸರಿಗಟ್ಟುವ ಹಣ ಪಂತುಲು ಅವರಲ್ಲಿರಲಿಲ್ಲ. ನಾಯಕಪಾತ್ರದ ಗಂಡುಧ್ವನಿಯೇ ಅವರಿಗೆ ಕೋಟೆಯೂ ಸೈನ್ಯವೂ ಆಯಿತು. ನಾಟಕದಿಂದ ಬಂದವರಿಗೆ ಅದು ಸಹಜವೇ.

1961ರಲ್ಲಿ ಎರಡು ಸಾಹಸ. ‘ಕಪ್ಪಲೋಟ್ಟಿಯ ತಮಿಳನ್’ ಹೆಸರು ತಂದರೂ ಹಣ ತರಲಿಲ್ಲ. ‘ಕಿತ್ತೂರು ಚೆನ್ನಮ್ಮ’ ಕನ್ನಡಕ್ಕೆ ರಾಷ್ಟ್ರಪ್ರಶಸ್ತಿ ತಂದಿತು. ಅಲ್ಲಿ ಖಡ್ಗ ಹಿಡಿದವರು ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್ ಇದ್ದರೂ ಚಿತ್ರ ರಾಣಿಯದೇ. ಹೆಣ್ಣೊಬ್ಬಳ ಹೆಗಲ ಮೇಲೆ ಐತಿಹಾಸಿಕ ಚಿತ್ರವೊಂದನ್ನು ನಿಲ್ಲಿಸಿದ ಧೈರ್ಯವನ್ನು ನಾವು ಕಟ್ಟಬೊಮ್ಮನಿಗಿಂತ ಒಂದು ತೂಕ ಹೆಚ್ಚಾಗಿಯೇ ಎಣಿಸುತ್ತೇವೆ. ಎರಲ್ ಫ್ಲಿನ್ ನಟಿಸಿದ್ದ 1935ರ ‘ಕ್ಯಾಪ್ಟನ್ ಬ್ಲಡ್’ನ ಎಳೆ ಹಿಡಿದು 1965ರಲ್ಲಿ ‘ಆಯಿರತ್ತಿಲ್ ಒರುವನ್’ ಮಾಡಿದರು. ಎಂ.ಜಿ.ಆರ್., ಜಯಲಲಿತಾ ಮೊದಲು ಜೋಡಿಯಾದದ್ದು ಅದರಲ್ಲೇ. ಕಡಲ್ಗಳ್ಳರ ಹಡಗಿಗೆ ನಮ್ಮ ಕಾರವಾರದ ಕಡಲೂ ಒದಗಿತು!

1970ರಲ್ಲಿ ಬಣ್ಣದ ‘ಶ್ರೀ ಕೃಷ್ಣದೇವರಾಯ’ ಬಂತು. ಅರಸ ರಾಜ್‌ಕುಮಾರ್, ಮಹಾಮಂತ್ರಿ ತಿಮ್ಮರಸು ಸ್ವತಃ ಪಂತುಲು. ಅರಸನನ್ನು ಪಟ್ಟಕ್ಕೇರಿಸಿ, ಅವನಿಂದ ಅಪ್ಪಾಜಿ ಎನಿಸಿಕೊಂಡು, ಕಡೆಗೆ ಅವನಿಂದಲೇ ಶಿಕ್ಷೆಗೊಳಗಾಗುವ ಮುದಿಮಂತ್ರಿಯ ಪಾತ್ರವದು. ಎಷ್ಟೋ ನಟರಿಗೆ ತೆರೆಯ ಮೇಲೆ ಕಿರೀಟ ತೊಡಿಸಿದವರಿಗೆ ಕಿರೀಟವಿಲ್ಲದ ಆ ಪಾತ್ರವೇ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ತಂದುಕೊಟ್ಟಿತು. 1974ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

2012ರಲ್ಲಿ ಅವರ ‘ಕರ್ಣನ್’ ಡಿಜಿಟಲ್ ರೂಪದಲ್ಲಿ ಮರಳಿ ಬಂದಾಗ ಚೆನ್ನೈಯ ಚಿತ್ರಮಂದಿರಗಳು ತುಂಬಿದವು. ಈಗ ಒಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ತಿಮ್ಮರಸುವನ್ನೂ ತೋರಿಸಬೇಕೆಂದಿದ್ದೇವೆ.