ಗುರ್ಲಹೊಸೂರಿನ ಲಕ್ಷ್ಮಣರಾಯರು

ದೀಪಾವಳಿಗೋ ಬೇಸಗೆಯ ರಜೆಗೋ ನಾವು ಪುಣೆಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ರೈಲಿನಲ್ಲಿ ಹೊರಟಾಗ, ಕರಾಡ, ತಾಕಾರಿಗಳನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಪಂಪಿನ ಮೇಲೆ ಬರೆದಿರುವ ಹೆಸರೇ ಇಲ್ಲಿಯೂ ಇದೆಯಲ್ಲ ಎಂದು ಮಕ್ಕಳು ಕೇಳುತ್ತಾರೆ. ಆ ಹೆಸರಿನ ಮಹನೀಯರು ನಮ್ಮ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನವರೆಂದೂ, ಬೆಳಗಾವಿಯಲ್ಲಿ ಅವರಿಗೆ ಜಾಗ ತಪ್ಪಿದ್ದರಿಂದಲೇ ಈ ಊರು ಹುಟ್ಟಿತೆಂದೂ ಹೇಳುವವರು ನಮ್ಮಲ್ಲಿ ಕಡಿಮೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು. ಮನೆಮಾತು ಮರಾಠಿ, ಊರಮಾತು ಕನ್ನಡ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಊರಿನಲ್ಲಿ. 1880ರಲ್ಲಿ ಅವರ ಶಾಕುಂತಲ ನಾಟಕ ಮೊದಲು ರಂಗಕ್ಕೆ ಬಂದದ್ದು ಇದೇ ಪುಣೆಯಲ್ಲಿ. ಒಂದು ಸಣ್ಣ ಹಳ್ಳಿ ಪುಣೆಗೆ ನಾಟಕವನ್ನೂ ಕೊಟ್ಟಿತು, ಯಂತ್ರವನ್ನೂ ಕೊಟ್ಟಿತು!

ಲಕ್ಷ್ಮಣರಾಯರು ಚಿತ್ರಗಾರರಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಲಿತ ಮೇಲೆ, ತಮ್ಮ ಕಣ್ಣು ಕೆಲವು ಬಣ್ಣಗಳನ್ನು ಸರಿಯಾಗಿ ಗುರುತಿಸದೆಂಬುದು ಗೊತ್ತಾಯಿತು. ಚಿತ್ರಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆದರೆ ಯಂತ್ರಗಳ ನಕ್ಷೆಗೆ ಬಣ್ಣ ಬೇಡ, ಗೆರೆ ಸಾಕು. ಅವರು ಆ ಕಡೆಗೆ ತಿರುಗಿ, ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು. ಅಲ್ಲಿ ತಮಗೆ ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣ ರಾಮುವಣ್ಣನವರ ಜೊತೆಗೂಡಿ ನಡೆಸುತ್ತಿದ್ದ ಸೈಕಲ್ ಅಂಗಡಿ ಆಗಲೇ ಇತ್ತು. ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರು ಬಂದದ್ದು ಈ ಅಣ್ಣತಮ್ಮಂದಿರಿಂದ. ಕಂಪನಿ ತನ್ನ ವಯಸ್ಸನ್ನು 1888ರಿಂದ ಎಣಿಸುತ್ತದೆ. ಆಗ ಸೈಕಲ್ ಶ್ರೀಮಂತರ ಸೊತ್ತು. ಕೊಂಡವರಿಗೆ ಹತ್ತುವುದು, ಇಳಿಯುವುದನ್ನೂ ಇವರೇ ಕಲಿಸಬೇಕಿತ್ತು. ಅದಕ್ಕೆ ಬೇರೆ 15 ರೂಪಾಯಿ.

ಲಕ್ಷ್ಮಣರಾಯರ ಮನಸ್ಸು ಇದ್ದದ್ದು ರೈತನ ಹೊಲದಲ್ಲಿ. ದನಗಳಿಗೆ ಕಣಿಕೆ ಕತ್ತರಿಸುವ ಯಂತ್ರ ಮಾಡಿದರು. ಅನಂತರ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ನಮ್ಮ ಕಟ್ಟಿಗೆಯ ನೇಗಿಲು ನೆಲವನ್ನು ಗೀರುತ್ತದೆ, ಮಗುಚುವುದಿಲ್ಲ. ಕಬ್ಬಿಣದ್ದು ಆಳಕ್ಕಿಳಿದು ಮಣ್ಣನ್ನು ತಿರುವಿಹಾಕಿ ಕರಿಕೆಯ ಬೇರನ್ನೂ ಮೇಲಕ್ಕೆಳೆಯುತ್ತದೆ. ಆದರೂ ಕೊಳ್ಳುವವರಿಲ್ಲ! ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಆ ರೈತರನ್ನು ನಾವು ಹಳಿಯಲಾರೆವು. ಒಂದು ಮಳೆಗಾಲ ಕೈಕೊಟ್ಟರೆ ವರ್ಷದ ಕೂಳು ಹೋಗುವವರು ಹೊಸದನ್ನು ಅನುಮಾನದಿಂದ ನೋಡದೆ ಇನ್ನೇನು ಮಾಡಿಯಾರು? ಎರಡು ವರ್ಷ ಕಾದವರ ತಾಳ್ಮೆಯೇ ನಮಗೆ ಹೆಚ್ಚಿನದಾಗಿ ಕಾಣುತ್ತದೆ.

ನೇಗಿಲು ಕಡೆಗೂ ನಡೆಯತೊಡಗಿತು. ಅಷ್ಟರಲ್ಲಿ ಬೆಳಗಾವಿಯ ಪೌರಸಭೆ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಿಸಿತು. ನಲವತ್ತು ಮುಟ್ಟಿದ ಮನುಷ್ಯ ಭಟ್ಟಿ, ಅಚ್ಚು, ಹೆಂಡತಿಮಕ್ಕಳು, ಕೆಲಸಗಾರರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆಯ ಭಾರ ಗೊತ್ತಿದೆ. ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕೈಹಿಡಿದರು. ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ನೆಲ ಕೊಟ್ಟರು. 10,000 ರೂಪಾಯಿ ಸಾಲವೂ ಅವರಿಂದ ದೊರೆತಿತ್ತು. ನೆಲವೆಂದರೆ ಪಾಪಾಸುಕಳ್ಳಿ ಮತ್ತು ನಾಗರಹಾವು! 1910ರ ಮಾರ್ಚ್ 10ರಂದು ಅಲ್ಲಿ ಕಾರ್ಖಾನೆಗೆ ಮೊದಲಾಯಿತು. ಮುಂದೆ ನಿಲ್ದಾಣದ ಹೆಸರೇ ಬದಲಾಯಿತು.

ಆ ವಾಡಿಯಲ್ಲಿ ಅಸ್ಪೃಶ್ಯತೆಗೆ ಅವರು ಎಡೆಗೊಡಲಿಲ್ಲ. ಸೆರೆಮನೆ ಕಂಡು ಬಂದವರನ್ನು ರಾತ್ರಿ ಕಾವಲಿಗೆ ನೇಮಿಸಿದರು. ಇಂದಿಗೂ ಎಷ್ಟು ಮಂದಿ ಮಾಲೀಕರು ಇಷ್ಟು ಧೈರ್ಯ ಮಾಡಿಯಾರೆಂಬುದು ನಮ್ಮ ಸಂದೇಹ. ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, 1926ರ ಹೊತ್ತಿಗೆ ನೀರೆತ್ತುವ ಪಂಪು ಬಂದವು. ಗಾಂಧೀಜಿಯವರ ಹತ್ಯೆಯ ಬಳಿಕ ಎದ್ದ 1948ರ ಗಲಭೆಯಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಅದನ್ನು ಮತ್ತೆ ಕಟ್ಟಿದರು.

ಬಿಟ್ಟುಬಂದ ನಾಡಿನ ಋಣ ಹರಿಯಲಿಲ್ಲ. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಎದ್ದು ಲೇತ್ ಯಂತ್ರಗಳನ್ನು ಮಾಡಿತು. ಅದು ಈಗ ಮುಚ್ಚಿಹೋಗಿದೆ; ಅಲ್ಲಿ ದುಡಿದವರ ಮನೆಗಳಲ್ಲಿ ಹೆಸರು ಇನ್ನೂ ಉಳಿದಿದೆ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿ, ಅದೇ ವರ್ಷ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿದವು. ಅಮೆರಿಕೆಯ ಎಂ.ಐ.ಟಿ.ಯಲ್ಲಿ ಓದಿ ಬಂದ ಮಗ ಶಂತನುರಾಯರು ಖಡಕಿಯಲ್ಲಿ ಬೆಳೆಸಿದ ಈ ಕಂಪನಿಯ ಡೀಸೆಲ್ ಎಂಜಿನ್ನು, ವಿದ್ಯುತ್ತು ಮುಟ್ಟದಿದ್ದ ಹೊಲಗಳಲ್ಲಿ ಬಾವಿಯ ನೀರೆತ್ತಿತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ತೀರಿಕೊಂಡರು. ಅಂದಿಗೆ ಗುರ್ಲಹೊಸೂರು ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮೂವತ್ತಾರನೆಯ ದಿನ, ನವೆಂಬರ್ 1ರಂದು, ಅದು ಹೊಸ ಮೈಸೂರು ರಾಜ್ಯಕ್ಕೆ ಸೇರಿತು.